ಗುಟ್ಟಿನ ಸಂಘಕ್ಕೆ ಮೊದಲ ದೋಸೆ

ಕಾಲೇಜಿನಲ್ಲಿ ಹೆಚ್ಚು ಅಂಕ ತೆಗೆದ ನಾಲ್ಕಾರು ಹುಡುಗರು ಸೇರಿ ಒಂದು ಗುಟ್ಟಿನ ಸಂಘ ಕಟ್ಟಿಕೊಂಡರು. ಅದರ ಅಧ್ಯಕ್ಷ ಕೇಶವಮೂರ್ತಿ ಹಾಸ್ಟೆಲ್ಲಿನ ಅಡುಗೆಯವನ ಹತ್ತಿರ ಬಂದು ಗತ್ತಿನಿಂದ ಹೇಳಿದ: “ನಾಳೆಯಿಂದ ನಮ್ಮ ಸದಸ್ಯರಿಗೇ ಮೊದಲ ದೋಸೆ. ಉಳಿದವರು ಕಾಯಲಿ. ಕಿರುಬೆರಳಲ್ಲಿ ಎಡಗಿವಿ ಮುಟ್ಟಿದವನು ನಮ್ಮವನು. ಆದರೆ ಸದಸ್ಯರು ಯಾರು ಅಂತ ಯಾರೂ ಬಾಯಿ ಬಿಡಬಾರದು. ಆಣೆ ಇಡು.”

ಅಡುಗೆಯವನಿಗೆ ಎಲ್ಲರ ಹೊಟ್ಟೆಯೂ ಒಂದೇ. ಆದರೂ ಸೌಟು ಮುಟ್ಟಿ ಆಣೆ ಇಟ್ಟ.

ಬೆಳಿಗ್ಗೆ ದೋಸೆಗೆ ಸಾಲು ನಿಂತಿತ್ತು. ಕೇಶವಮೂರ್ತಿ ಮುಂದೆ ಬಂದು ಮೆಲ್ಲಗೆ ಕಿವಿ ಮುಟ್ಟಿದ.

“ಹೊಗೆ ಸ್ವಾಮಿ, ಕಾಣಲಿಲ್ಲ,” ಅಂದ ಅಡುಗೆಯವನು. “ಕೈ ಎತ್ತಿ ಇನ್ನೊಂದು ಸಲ ಮುಟ್ಟಿ.”

ಕೇಶವಮೂರ್ತಿ ಕೈ ಎತ್ತಿ ಮುಟ್ಟಿದ. ದೋಸೆ ಬಿತ್ತು. ಹಿಂದಿದ್ದವರೆಲ್ಲ ಅದನ್ನು ನೋಡಿಟ್ಟುಕೊಂಡರು.

ಮರುದಿನ ಅವನು ಬರುವಷ್ಟರಲ್ಲಿ ಇಡೀ ಸಾಲು ಎಡಗಿವಿಗೆ ಕಿರುಬೆರಳು ಇಟ್ಟು ನಿಂತಿತ್ತು.

“ಇವರಲ್ಲಿ ಒಬ್ಬನೂ ನಮ್ಮ ಸದಸ್ಯನಲ್ಲ,” ಎಂದು ಕೇಶವಮೂರ್ತಿ ಕೂಗಾಡಿದ.

ಅಡುಗೆಯವನು ದೋಸೆ ಮಗುಚುತ್ತಾ ದನಿ ತಗ್ಗಿಸಿದ. “ಮೆಲ್ಲಗೆ ಸ್ವಾಮಿ. ಸದಸ್ಯರು ಯಾರು ಅಂತ ಬಾಯಿ ಬಿಡಬಾರದು ಅಂತ ನೀವೇ ಆಣೆ ಹಾಕಿಸಿದ್ದೀರಿ.”

ಕಾವಲಿಯಿಂದ ತುಪ್ಪದ ಘಮ ಬರುತ್ತಿತ್ತು. ಕೇಶವಮೂರ್ತಿ ಕಿವಿಗೆ ಬೆರಳಿಟ್ಟುಕೊಂಡು ಸಾಲಿನ ಕೊನೆಗೆ ಹೋಗಿ ನಿಂತ.

ಮುಂದಿದ್ದವನು ತಿರುಗಿ ಕೇಳಿದ: “ಹೊಸದಾಗಿ ಸೇರಿದ್ದಾ?”