ಶೃತಿ ಬಳಗದ ಹಳೆಯ ಬ್ಲಾಗು

ಹಾರ್ಮೋನಿಯಂ, ತಬಲಾ, ತಾಳ ಮೂರೂ ಸೇರಿ ತಮ್ಮ ‘ಶೃತಿ ಬಳಗ’ದ ಹಳೆಯ ಬ್ಲಾಗಿಗೆ ಮಂಗಳ ಹಾಡಲು ಬಂದವು.

“ನಿನ್ನನ್ನು ಯಾರೂ ಓದುವುದಿಲ್ಲ. ನಾವು ಹೊಸ ಪುಟಕ್ಕೆ ಹೊರಟೆವು,” ಎಂದಿತು ಹಾರ್ಮೋನಿಯಂ.

ಬ್ಲಾಗು ಕೆರಳಿತು. “ಯಾರೂ ಓದುವುದಿಲ್ಲವೇ? ನೀವು ಮೂಲೆಗೆ ತಳ್ಳಿದ ತಂಬೂರಿ ಹನ್ನೊಂದು ವರ್ಷ ಒಂದು ಬರಹವನ್ನೂ ಬಿಡದೆ ಓದಿತು. ‘ಅದು ಶೃತಿಯಲ್ಲ, ಶ್ರುತಿ’ ಎಂದು ಪ್ರತಿ ಸಲವೂ ಕೆಳಗೆ ಬರೆಯಿತು. ನೀವು ಪ್ರತಿ ಸಲವೂ ಅಳಿಸಿದಿರಿ. ತಪ್ಪು ಹೆಸರು ಹೊತ್ತು ನಗೆಪಾಟಲಾದದ್ದು ನಾನು!”

“ಒಂದಕ್ಷರಕ್ಕೆ ಇಷ್ಟು ರಂಪವೇ?” ಎಂದು ತಬಲಾ ಗುಡುಗಿತು.

ಮೂರೂ ಮುಖ ತಿರುಗಿಸಿಕೊಂಡು ಹೋಗಿ, ಹೊಸ ಪುಟದ ನೆತ್ತಿಯ ಮೇಲೆ ಮತ್ತೆ ‘ಶೃತಿ ಬಳಗ’ ಎಂದೇ ಬರೆದವು. ಕೂಡಲೇ ತಂಬೂರಿಯ ಪ್ರತಿಕ್ರಿಯೆ ಬಂತು. ಓದದೆಯೇ ಅಳಿಸಿಬಿಟ್ಟವು.

ಅದರಲ್ಲಿದ್ದದ್ದು ಇಷ್ಟೇ: “ನಾನೂ ಬಂದೆ.”