ಆಷಾಢದಲ್ಲಿ ಬೆದೆಗೆ ಬಂದ ಹಸು

ಪಟೇಲ ಬೋರಲಿಂಗೇಗೌಡರ ಹಸು ಆಷಾಢದಲ್ಲೇ ಬೆದೆಗೆ ಬಂತು. ಈ ಸಲವೂ ಗಬ್ಬ ನಿಲ್ಲದಿದ್ದರೆ ಅದನ್ನು ಸಂತೆಗೆ ಹೊಡೆಯುವುದೆಂದು ಗೌಡರು ಮೊದಲೇ ಹೇಳಿದ್ದರು. ಕರುವಾಗಿದ್ದಾಗಿನಿಂದ ಅದನ್ನು ಸಾಕಿದ್ದ ಆಳು ಚಿಕ್ಕತಾಯಮ್ಮ ಗಬ್ಬದ ಇಂಜೆಕ್ಷನ್‌ಗೆ ಡಾಕ್ಟರನ್ನು ಕರೆಸಿದಳು. ಗೌಡರು ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತರು.

“ಆಷಾಢದಲ್ಲಿ ಹೊಸ ಗಂಡ ಹೆಂಡಿರನ್ನೇ ಒಂದೂರಲ್ಲಿ ಬಿಡಲ್ಲ. ಇದು ನನ್ನ ಕೊಟ್ಟಿಗೇಲಿ ನಡೆಯಲ್ಲ.”

“ಶಾಸ್ತ್ರ ಮೀರಬಾರದು ಬುದ್ಧಿ. ಆದ್ರೆ ಈ ಇಂಜೆಕ್ಷನ್‌ಗೆ ಬೀಜ ಕೊಟ್ಟ ಹೋರಿ ನಮ್ಮೂರನ್ನೇ ಕಂಡಿಲ್ಲ. ಪಟ್ಟಣದ ಸರ್ಕಾರಿ ಕೊಟ್ಟಿಗೇಲಿ ಮೇವು ತಿಂತಾ ನಿಂತಿದೆ. ಹೋದ ಆಷಾಢದಲ್ಲಿ ನಿಮ್ಮ ಅಳಿಯಂದಿರೂ ಇಷ್ಟು ದೂರ ಇರಲಿಲ್ಲ.”

ಒಳಗಿಂದ ಗೌಡತಿ ಕಿಸಕ್ಕನೆ ನಕ್ಕಳು. ಗೌಡರು ಕೆಮ್ಮಿ, ಪಕ್ಕಕ್ಕೆ ಸರಿದು ಡಾಕ್ಟರಿಗೆ ದಾರಿ ಬಿಟ್ಟರು.

ಹಸು ಗಬ್ಬ ಕಟ್ಟಿತು. ತಾವು ಆಷಾಢದ ಶಾಸ್ತ್ರ ಪಾಲಿಸಿದ್ದಕ್ಕೇ ಹೀಗಾಯಿತೆಂದು ಗೌಡರು ಊರೆಲ್ಲ ಹೇಳಿಕೊಂಡು ತಿರುಗಿದರು.