ಕಣ್ಣು ಮುಚ್ಚಿದ ಜಂಗಮ

"ಬುದ್ಧೀ, ನಂಬಿಕೆ ಹೋದವನು ಬೋಧನೆ ಮುಂದುವರಿಸಬಹುದೇ?" ಎಂದು ಶಿಷ್ಯ ಕೇಳಿದ. ಧರ್ಮ ಬೋಧಿಸಲು ಕಡಲಾಚೆಗೆ ಹೋಗಿದ್ದ ಅವನು ಗುರುಗಳನ್ನು ಕಾಣಲು ಮಠಕ್ಕೆ ಬಂದಿದ್ದ. ಮರುದಿನ ಹಿಂದಿರುಗಬೇಕಿತ್ತು.

"ಯಾರದಪ್ಪಾ ಹೋದದ್ದು?" ಎಂದರು ಗುರುಗಳು.

"ಯಾರದೂ ಅಲ್ಲ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವನ ಮುಖ ಹೀಗೆ ಬಾಡಿರುವುದಿಲ್ಲ. ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ."

ಒಬ್ಬ ಜಂಗಮ ಪರದೇಶಕ್ಕೆ ಹೋದ. ಅಲ್ಲಿನವರು ದೋಣಿ ನಡೆಸುವ ಜನ. ಅವರಿಗೆ ಲಿಂಗದೀಕ್ಷೆ ಕೊಟ್ಟ. ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಎವೆಯಿಕ್ಕದೆ ನೋಡಬೇಕು ಎಂದು ಕಲಿಸಿದ. ಭಾಷೆ ಸರಿಯಾಗಿ ಬಾರದ ಊರು ನೋಡು, ಬಾಯಲ್ಲಿ ಹೇಳಿದ್ದಕ್ಕಿಂತ ಮಾಡಿ ತೋರಿಸಿದ್ದೇ ಹೆಚ್ಚು. ಅವನು ಕೂತಂತೆ ಅವರೂ ಕೂತರು.

ಅವರಲ್ಲಿ ಒಬ್ಬಳು ತಾಯಿ. ಅವಳ ಮಗ ನೀರುಪಾಲಾಗಿದ್ದ. ಲಿಂಗವನ್ನು ನೋಡುತ್ತ ಕೂತಷ್ಟು ಹೊತ್ತು ಅವಳ ಸಂಕಟ ತಗ್ಗುತ್ತಿತ್ತು.

ಒಂದು ಬೆಳಗ್ಗೆ ಜಂಗಮನಿಗೆ ಅಂಗೈಯಲ್ಲಿ ಕಲ್ಲು ಕಂಡಿತು. ಬರೀ ಕಲ್ಲು! ಮರುದಿನವೂ ಅದೇ. ಜಪ ಹೆಚ್ಚಿಸಿದ, ಉಪವಾಸ ಮಾಡಿದ, ಏನು ಮಾಡಿದರೂ ಅಷ್ಟೇ. ಯಾರ ಹತ್ತಿರವಾದರೂ ಹೇಳಿಕೊಳ್ಳೋಣವೆಂದರೆ ಅಲ್ಲಿ ಇದ್ದವರೆಲ್ಲ ತನ್ನನ್ನೇ ನಂಬಿದವರು. ಇವರಿಗೆ ತಿಳಿದರೆ ಗತಿಯೇನು ಎಂದು ಹೆದರಿ ಹೈರಾಣಾದ. ಕೊನೆಗೆ ಆ ಕಲ್ಲನ್ನು ನೋಡಲಾರದೆ ಕಣ್ಣು ಮುಚ್ಚಿ ಕೂರತೊಡಗಿದ.

ಜನ ಏನೆಂದುಕೊಂಡರು ಗೊತ್ತೇ? ಇದು ಇನ್ನೂ ಮೇಲಿನ ಪೂಜೆ ಎಂದುಕೊಂಡರು! ಒಬ್ಬೊಬ್ಬರಾಗಿ ಅವರೂ ಕಣ್ಣು ಮುಚ್ಚಿದರು. ಜಂಗಮನಿಗೆ ಅದು ಹೇಗೆ ತಿಳಿಯಬೇಕು, ಅವನ ಕಣ್ಣೇ ಮುಚ್ಚಿತ್ತಲ್ಲ!

ಕೆಲವು ತಿಂಗಳ ಮೇಲೆ ಆ ತಾಯಿ ಬಂದು ತನ್ನ ಲಿಂಗವನ್ನು ಅವನ ಮುಂದಿಟ್ಟಳು.

"ಅಯ್ಯನವರೇ, ಇದನ್ನು ತೆಗೆದುಕೊಂಡುಬಿಡಿ. ನಿಮ್ಮ ಹಾಗೆ ಕಣ್ಣು ಮುಚ್ಚಿದರೆ ನೀರಲ್ಲಿ ಮುಳುಗುವ ಮಗನೇ ಕಾಣುತ್ತಾನೆ. ದಿನವೂ ಅದೇ. ನನ್ನ ಭಕ್ತಿಯಲ್ಲೇ ಏನೋ ಕೊರತೆ."

ಜಂಗಮನಿಗೆ, ಇನ್ನು ಸುಮ್ಮನಿದ್ದರೆ ಇವಳು ಬದುಕುವುದಿಲ್ಲ ಎನಿಸಿತು.

"ಕೊರತೆ ನಿನ್ನದಲ್ಲ ತಾಯಿ. ನೀನು ಕಣ್ಣು ತೆರೆದೇ ನೋಡು. ನಾನು ಮುಚ್ಚಿದ್ದು ಭಕ್ತಿಯಿಂದಲ್ಲ. ನೋಡಿದರೆ ನನಗೆ ಕಲ್ಲಲ್ಲದೆ ಏನೂ ಕಾಣುವುದಿಲ್ಲ, ಅದಕ್ಕೆ."

ಇಷ್ಟು ದಿನ ನನ್ನನ್ನು ಅಳಿಸಿದೆಯಲ್ಲ ಎಂದು ಅವಳು ಬಾಯಿಗೆ ಬಂದಂತೆ ಬೈದಳು. ಆಮೇಲೆ ಲಿಂಗವನ್ನು ಎತ್ತಿಕೊಂಡು ಹೋದಳು. ಸುದ್ದಿ ಊರೆಲ್ಲ ಹರಡಿ, ಮರುದಿನ ಪೂಜೆಗೆ ಅನೇಕರು ಬರಲಿಲ್ಲ. ಅವಳು ಬಂದಳು, ಕಣ್ಣು ತೆರೆದು ಕೂತಳು. ಜಂಗಮ ಎಲ್ಲರ ಹಿಂದೆ ಹೋಗಿ ಕೂತ.

ಇಷ್ಟು ಹೇಳಿ ಗುರುಗಳು ಏಳಲು ಹೊರಟರು. ಶಿಷ್ಯ ತಡೆಯಲಾರದೆ ಕೇಳಿದ:

"ಅವನಿಗೆ ನಂಬಿಕೆ ಮರಳಿ ಬಂತೇ, ಬುದ್ಧೀ?"

"ಅವನದು ಹಾಗಿರಲಿ ಮಗು, ಅಲ್ಲಿ ನಿನ್ನ ಜನ ಈಗಲೂ ಕಣ್ಣು ತೆರೆದೇ ಕೂರುತ್ತಾರೆಯೇ?"